ಆ ಗುಂಡಿ ತೋಡಿದವರು ಯಾರು ಸ್ವಾಮಿ?

ಮಾನ್ಯರೇ,

ನಮ್ಮ ಮೈಸೂರಿನ ಕುವೆಂಪುನಗರದಲ್ಲಿ ರಸ್ತೆ ಅಗೆಯುವಾಗ ಪೈಪ್ ಒಡೆದು ನೀರು ಪೋಲಾದ ಸುದ್ದಿಯನ್ನು ಇವತ್ತಿನ ಪತ್ರಿಕೆಯಲ್ಲಿ ನೋಡಿದೆ. ಫೋಟೊ ಚೆನ್ನಾಗಿ ಬಂದಿದೆ. ಆದರೆ ಕೊನೆಯಲ್ಲಿ ‘ಸಂಜೆ ಹೊತ್ತಿಗೆ ದುರಸ್ತಿ ಮಾಡಲಾಯಿತು’ ಅಂತ ಒಂದು ಸಾಲು ಇದೆಯಲ್ಲ, ಅದನ್ನು ನಿಮ್ಮ ವರದಿಗಾರರಿಗೆ ಹೇಳಿದ ಪುಣ್ಯಾತ್ಮ ಯಾರೋ, ಅವರನ್ನು ಒಂದು ಸಲ ಪಂಚಮಂತ್ರ ರಸ್ತೆಗೆ ಕಳಿಸಿಕೊಡಿ. ಅವರ ದುರಸ್ತಿಯನ್ನು ಅವರಿಗೇ ತೋರಿಸುತ್ತೇನೆ. ಒಡೆದ ಜಾಗಕ್ಕೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ, ಮೇಲೆ ತಂತಿ ಬಿಗಿದು ಹೋಗಿದ್ದಾರೆ. ನಾನು ಇದನ್ನು ಬರೆಯುವ ಹೊತ್ತಿಗೂ ಅದರ ಸಂದಿಯಿಂದ ನೀರು ಜಿನುಗುತ್ತಲೇ ಇದೆ. ಪಕ್ಕದಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕೊಳವೆ ಎರಡು ತುಂಡಾಗಿ ಕೆಸರಲ್ಲಿ ಬಿದ್ದಿದೆ. ಅದರ ಸುದ್ದಿ ನಿಮ್ಮ ವರದಿಯಲ್ಲೇ ಇಲ್ಲ. ನನ್ನ ಹೊಟ್ಟೆ ಮೇಲೆ ಹೊಡೆದಿದ್ದೇ ಆ ತುಂಡಾದ ಕೇಬಲ್.

ನನ್ನದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನೋದು ಹೆಸರಿಗೆ ಅಷ್ಟೇ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್, ಬಸ್ ಪಾಸ್, ಎಲ್ಲದಕ್ಕೂ ಜನ ಬರುವುದು ನನ್ನಂಥವರ ಹತ್ತಿರ. ಹಿಂದೆ ತಾಲ್ಲೂಕು ಕಚೇರಿ ಮುಂದೆ ಇರುತ್ತಿದ್ದ ಕ್ಯೂ ಈಗ ನಮ್ಮ ಅಂಗಡಿಗಳ ಮುಂದೆ. ಎಲ್ಲಾ ಆನ್‌ಲೈನ್ ಮಾಡಿದ್ದೇವೆ ಅಂತ ಸರ್ಕಾರ ಬೆನ್ನು ತಟ್ಟಿಕೊಳ್ಳುತ್ತದೆ. ಆ ಲೈನ್ ನಮ್ಮ ಬೀದಿಯಲ್ಲಿ ಯಾವ ಮಣ್ಣಿನ ಕೆಳಗೆ ಇದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ.

ನಿನ್ನೆ ಒಬ್ಬಳು ಹುಡುಗಿ ಹಾಸ್ಟೆಲ್ ಅರ್ಜಿ ಹಾಕೋಕೆ ಬಂದಿದ್ದಳು. ಅವತ್ತೇ ಕೊನೇ ದಿನ. ಕಾಗದ ಎಲ್ಲಾ ಸ್ಕ್ಯಾನ್ ಮಾಡಿ ಅಪ್‌ಲೋಡ್‌ಗೆ ಕೂತಿದ್ದೆ, ಅಷ್ಟರಲ್ಲಿ ನೆಟ್ ಹೋಯ್ತು. ನನ್ನ ಮೊಬೈಲಿಂದ ಹಾಟ್‌ಸ್ಪಾಟ್ ಹಾಕಿದೆ. ಟವರಿಗೂ ಅದೇ ಕೇಬಲ್ಲೋ ಏನೋ, ಚಕ್ರ ತಿರುಗಿದ್ದೇ ತಿರುಗಿದ್ದು. ಕೊನೆಗೆ ಆಟೋಗೆ ದುಡ್ಡು ಕೊಟ್ಟು ಸರಸ್ವತಿಪುರಂಗೆ ಕಳಿಸಿದೆ. ‘ಅಣ್ಣಾ, ಅಲ್ಲೂ ಅಗೆದಿದ್ರೆ?’ ಅಂದಳು. ಏನಂತ ಉತ್ತರ ಕೊಡೋದು?

ಪಕ್ಕದ ಹೋಟೆಲಿನವರ ಪಾಡು ಇನ್ನೂ ಚೆಂದ. ಕಾಫಿ ಕುಡಿದವರು ಫೋನ್ ಹಿಡಿದು ನಿಂತರೆ ದುಡ್ಡು ಹೋಗುತ್ತಿಲ್ಲ. ಜೇಬಲ್ಲಿ ನೋಟು ಇಟ್ಟುಕೊಳ್ಳುವುದನ್ನು ಜನ ಮರೆತೇಬಿಟ್ಟಿದ್ದಾರೆ. ಕ್ಯಾಶ್ ಕೊಟ್ಟವರಿಗೆ ವಾಪಸ್ ಕೊಡೋಕೆ ಚಿಲ್ಲರೆ ಇಲ್ಲ. ಪಾತ್ರೆ ತೊಳೆಯೋಕೆ ನೀರೂ ಇಲ್ಲ. ಹೊಂಗಳ್ಳಿ, ಬೆಳಗೊಳದಿಂದ ಅಷ್ಟು ಕರೆಂಟು ಸುಟ್ಟು ಪಂಪ್ ಮಾಡಿ ತಂದ ಕಾವೇರಿ ನೀರು ಕಣ್ಣೆದುರೇ ಮೋರಿಗೆ ಹೋಗುತ್ತಿದ್ದರೆ, ಅವರು ಟ್ಯಾಂಕರ್‌ಗೆ ಫೋನ್ ಮಾಡುತ್ತಿದ್ದರು. ನಮ್ಮ ಮನೆಯಲ್ಲೂ ಅದೇ ಕಥೆ. ಬೆಳಿಗ್ಗೆ ನಲ್ಲಿಯಲ್ಲಿ ಬಂದ ಕೆಂಪು ನೀರು ನೋಡಿ ಮನೆಯವಳು ಬೈದಿದ್ದು ನನಗೆ, ಅಗೆದವರಿಗಲ್ಲ.

ಅಗೆದವರು ಯಾರು? ಅದೇ ಸ್ವಾರಸ್ಯ. ಕೆಲಸದ ಹುಡುಗರನ್ನು ಬೈದು ಪ್ರಯೋಜನವಿಲ್ಲ, ಪಾಪ, ತೋರಿಸಿದ ಕಡೆ ಅಗೆಯುತ್ತಾರೆ. ಮೇಸ್ತ್ರಿಯನ್ನು ಕೇಳಿದೆ. ‘ಪರ್ಮಿಷನ್ ಇದೆ ಸಾರ್’ ಅಂದ. ತೋರಿಸಪ್ಪಾ ಅಂದರೆ, ಇಂಜಿನಿಯರ್ ಹತ್ತಿರ ಇದೆಯಂತೆ. ಇಂಜಿನಿಯರ್ ಎಲ್ಲಿ ಅಂದರೆ ‘ಸೈಟಲ್ಲಿದ್ದಾರೆ’. ಅಯ್ಯಾ, ಸೈಟ್ ಇದೇ ಅಲ್ವಾ? ನೀರಿನ ಕಚೇರಿಗೆ ಫೋನ್ ಮಾಡಿದರೆ, ಅಗೆದವರೇ ರಿಪೇರಿ ಮಾಡಿಸಬೇಕು ಅಂದರು. ರಸ್ತೆ ನೋಡಿಕೊಳ್ಳುವವರು ‘ಅದು ಕೇಬಲ್‌ನವರ ಕೆಲಸ’ ಅಂದರು. ಕೇಬಲ್‌ನವರು ‘ನಮ್ಮದೇ ತುಂಡಾಗಿದೆ ಸಾರ್, ಗ್ಯಾಸಿನವರನ್ನು ಕೇಳಿ’ ಅಂದರು. ಆ್ಯಪಲ್ಲೂ ದೂರು ಹಾಕಿದೆ. ರಾತ್ರಿ ಮೆಸೇಜ್ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?

ಇದಕ್ಕೆ ದಾರಿ ಇಲ್ಲ ಅಂತಲ್ಲ. ‘ಕಾಲ್ ಬಿಫೋರ್ ಯು ಡಿಗ್’ ಅನ್ನೋ ಆ್ಯಪನ್ನು 2023ರ ಮಾರ್ಚ್‌ನಲ್ಲಿ ಪ್ರಧಾನಿಯವರೇ ಬಿಡುಗಡೆ ಮಾಡಿದ್ದಾರೆ. ಎಲ್ಲಿ ಅಗೆಯುತ್ತೀವಿ ಅಂತ ಅದರಲ್ಲಿ ಮೊದಲೇ ತಿಳಿಸಿದರೆ, ಅಲ್ಲಿ ಯಾರ ಕೇಬಲ್, ಯಾರ ಪೈಪ್ ಇದೆಯೋ ಅವರಿಗೆಲ್ಲ ಸುದ್ದಿ ಹೋಗುತ್ತದೆ. ಹೀಗೆ ಕಂಡಕಂಡಲ್ಲಿ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರ್ಕಾರವೇ ಲೆಕ್ಕ ಕೊಟ್ಟಿತ್ತು. ನಮ್ಮ ಮೇಸ್ತ್ರಿಯ ಫೋನಲ್ಲಿ ಈ ಆ್ಯಪ್ ಇದೆಯಾ ಅಂತ ಕೇಳಿದೆ. ಸ್ಟೋರೇಜ್ ಫುಲ್ ಅಂದ.

ಪ್ಲೇಗ್ ಬಂದು ಊರು ನಡುಗಿದ ಮೇಲೆ 1903ರಲ್ಲಿ ಇದೇ ಮೈಸೂರಿನಲ್ಲಿ ಊರು ತಿದ್ದೋಕೆ ಅಂತಲೇ ಒಂದು ಬೋರ್ಡ್ ಮಾಡಿದ್ದರು. ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದಿರುವ ಕನ್ಸರ್ವೆನ್ಸಿ ಗಲ್ಲಿಗಳನ್ನು ನೋಡಿ. ಹೊಲಸು ಎಲ್ಲಿ ಹೋಗಬೇಕು, ಜನ ಎಲ್ಲಿ ಓಡಾಡಬೇಕು ಅಂತ ಆಗಿನವರು ಯೋಚನೆ ಮಾಡಿದ್ದರು. ಈಗ ಡಾಂಬರು ಹಾಕುವವನಿಗೂ ಅಗೆಯುವವನಿಗೂ ಮಾತುಕತೆಯೇ ಇಲ್ಲ. ಹಾಕಿದ ಡಾಂಬರು ಕಪ್ಪು ಮಾಸುವ ಮುಂಚೆ ಅಗೆತ ಶುರು. ರಾಜಮಾರ್ಗವಾದರೆ ದಸರಾ ನೆಪದಲ್ಲಾದರೂ ನುಣ್ಣಗಾಗುತ್ತದೆ. ಜಂಬೂಸವಾರಿಯನ್ನು ಒಂದು ವರ್ಷ ಕುವೆಂಪುನಗರದ ಕಡೆ ತಿರುಗಿಸಿದರೆ ಹೇಗೆ?

ಬಸ್ಸಿನದೂ ಇದೇ ಹಣೆಬರಹ. ಬಸ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಸ್ಟಾಪಿನಲ್ಲೇ ತೋರಿಸುವ ಬೋರ್ಡುಗಳನ್ನು 2012ರಲ್ಲಿ ಎಷ್ಟು ಸಡಗರದಿಂದ ಹಾಕಿದರು! ನಮ್ಮ ಸ್ಟಾಪಿನ ಬೋರ್ಡಿನಲ್ಲಿ ಈಗ ಪಾರಿವಾಳ ಗೂಡು ಕಟ್ಟಿದೆ. ಹೊಸದು ಹಾಕುವಾಗ ಇರುವ ಉತ್ಸಾಹ ಹಾಕಿದ್ದನ್ನು ನೋಡಿಕೊಳ್ಳುವಾಗ ಎಲ್ಲಿ ಹೋಗುತ್ತದೋ. ಕಾರ್ಪೊರೇಟರ್ ಮನೆ ಮುಂದೆ ಹೋಗಿ ಕೂಗಾಡೋಣ ಅಂದರೆ ಅವರ ಅವಧಿ 2023ರ ನವೆಂಬರ್‌ನಲ್ಲೇ ಮುಗಿದುಹೋಯಿತು. ಸಿಕ್ಕಾಗ ‘ನಾನೀಗ ಮಾಜಿ’ ಅಂತ ಕೈ ಮುಗಿಯುತ್ತಾರೆ. ಹಾಲಿ ಇದ್ದಾಗ ಏನು ಮಾಡಿದ್ದರು ಅಂತ ಕೇಳಬಾರದು, ಬಿಡಿ.

ಮೊದಲು ಆ ಗುಂಡಿ ಮುಚ್ಚಿಸಿ. ಅಲ್ಲ, ಮುಚ್ಚುವ ಮೊದಲು ಪೈಪನ್ನು ನೆಟ್ಟಗೆ ಸರಿ ಮಾಡಿಸಿ, ಇಲ್ಲದಿದ್ದರೆ ಮತ್ತೆ ಅಗೆಯುತ್ತಾರೆ. ಕಂಟ್ರಾಕ್ಟರ್ ಹೆಸರು, ಫೋನ್ ನಂಬರ್ ಬರೆದು ಗುಂಡಿ ಪಕ್ಕ ಒಂದು ಬೋರ್ಡ್ ನಿಲ್ಲಿಸಿ. ತಪ್ಪಿತಸ್ಥರನ್ನು ಸಸ್ಪೆಂಡ್ ಮಾಡಿ, ಅವರಿಂದಲೇ ದುಡ್ಡು ವಸೂಲಿ ಮಾಡಿ. ಅದೂ ಆಗದಿದ್ದರೆ ಕಮಿಷನರ್ ಸಾಹೇಬರು ಒಂದು ದಿನ ಕಾರು ಬಿಟ್ಟು ನಮ್ಮ ರಸ್ತೆಯಲ್ಲಿ ಸ್ಕೂಟರ್ ಓಡಿಸಲಿ. ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಗಮನ ಹರಿಸದಿದ್ದರೂ ಪರವಾಗಿಲ್ಲ, ನಲ್ಲಿಯಲ್ಲಿ ನೀರಾದರೂ ಹರಿಸಲಿ.

ಇವತ್ತು ಬೆಳಿಗ್ಗೆ ರಸ್ತೆಯ ಆ ಬದಿಗೂ ಯಾರೋ ಬಂದು ಸುಣ್ಣದ ಗೆರೆ ಎಳೆದು ಹೋಗಿದ್ದಾರೆ. ಅಲ್ಲೂ ಅಗೆಯುತ್ತಾರಂತೆ. ಸ್ವಲ್ಪವಾದರೂ ನಾಚಿಕೆ ಬೇಡವೇ ಇವರಿಗೆ?

— ಜೆರಾಕ್ಸ್ ಅಂಗಡಿಯವನು, ಕುವೆಂಪುನಗರ, ಮೈಸೂರು