ಕಟ್ಟಬೇಕಿಲ್ಲದ ‘ಮರುಸ್ಥಾಪನಾ ಶುಲ್ಕ’ದ ವಿರುದ್ಧ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಡೊಮೇನ್ ನೋಂದಣಿ ವಿಭಾಗ, ಬೆಂಗಳೂರು.

ವಿಷಯ: ನಮ್ಮ ಉಪ್ಪಿನಕಾಯಿ ಉದ್ದಿಮೆಯ ಡಾಟ್ ಕಾಮ್ ವಿಳಾಸವನ್ನು ನವೀಕರಿಸದೆ ತಡೆಹಿಡಿದು, ಸಲ್ಲದ ಶುಲ್ಕ ಕೇಳುತ್ತಿರುವ ಬಗ್ಗೆ.

ಮಾನ್ಯರೇ,

ಫೋನಿನಲ್ಲಿ, ಚಾಟ್‌ನಲ್ಲಿ, ಇಮೇಲಿನಲ್ಲಿ ಮರ್ಯಾದೆಯಿಂದ ಕೇಳಿ ಸಾಕಾಗಿದೆ. ಪ್ರತಿ ಸಲವೂ ಹೊಸ ಟಿಕೆಟ್ ಸಂಖ್ಯೆ, ಅದೇ ಹಳೆಯ ಉತ್ತರ. ಆದ್ದರಿಂದ ಈ ಪತ್ರ.

ಶಿರಸಿಯ ಹತ್ತಿರ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವುದು ನನ್ನ ಜೀವನೋಪಾಯ. ಪ್ರತಿ ಬಾಟಲಿಯ ಲೇಬಲ್ ಮೇಲೆ, ಎಫ್‌ಎಸ್‌ಎಸ್‌ಎಐ ಸಂಖ್ಯೆಯ ಕೆಳಗೆ, ನಮ್ಮ ವೆಬ್‌ಸೈಟ್ ವಿಳಾಸ ಅಚ್ಚಾಗಿದೆ. ಬೆಂಗಳೂರಿನವರೂ ಹೊರದೇಶದಲ್ಲಿರುವ ನಮ್ಮ ಕಡೆಯವರೂ ಅದನ್ನು ನೋಡಿಯೇ ಮತ್ತೆ ತರಿಸುತ್ತಾರೆ. ಈಗ ಆ ವಿಳಾಸ ಒತ್ತಿದರೆ ತೆರೆಯುವುದು ನಿಮ್ಮ ಜಾಹೀರಾತು ಪುಟ. ಅದರ ಮೊದಲ ಸಾಲಿನಲ್ಲೇ ಬೇರೆ ಯಾರದೋ ಮಾವಿನಕಾಯಿ ಉಪ್ಪಿನಕಾಯಿಗೆ ರಿಯಾಯಿತಿ! ಮಿಡಿ ಉಪ್ಪಿನಲ್ಲಿ ಕೂತು, ಭರಣಿಗಳು ತುಂಬಿ, ಮಾರಾಟ ಶುರುವಾಗುವ ಹೊತ್ತಿಗೆ ಸರಿಯಾಗಿ ನನ್ನ ಅಂಗಡಿಗೆ ಬೀಗ ಹಾಕಿ, ನನ್ನ ಗಿರಾಕಿಗಳನ್ನು ಪಕ್ಕದ ಅಂಗಡಿಗೆ ಕಳುಹಿಸುತ್ತಿದ್ದೀರಿ.

ವಿಳಾಸದ ನೋಂದಣಿ ಅವಧಿ ಮುಗಿಯುವ ಮೊದಲೇ ನಾನು ನಿಮ್ಮ ಕಚೇರಿಗೆ ಕರೆ ಮಾಡಿ ವಿಚಾರಿಸಿದ್ದೆ. “ಆಟೋಪೇ ಇದೆ, ಹಣ ತಾನಾಗಿ ಕಡಿತವಾಗುತ್ತದೆ, ನೀವು ಏನೂ ಮಾಡಬೇಕಾಗಿಲ್ಲ” ಎಂದು ನಿಮ್ಮವರೇ ಹೇಳಿದರು. ಖಾತೆಯಲ್ಲಿ ಹಣವಿತ್ತು. ಕಡಿತವಾಗಲಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದರೆ, ನಿಮ್ಮ ಕಡೆಯಿಂದ ಬೇಡಿಕೆಯೇ ಬಂದಿಲ್ಲ ಎಂದರು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ನನಗೆ ಬರಬೇಕಿದ್ದ ಸೂಚನೆಯೂ ಬಂದಿಲ್ಲ. ನೀವು ಕೇಳದ ಹಣವನ್ನು ಬ್ಯಾಂಕ್ ಎಲ್ಲಿಂದ ಕೊಡಬೇಕು?

ಅದರ ನಂತರ ಬಂದದ್ದು ನಿಮ್ಮ ಬಿಲ್ಲು. ನವೀಕರಣ ₹1,299. ನಾನು ಕೇಳದ ‘ಖಾಸಗಿತನ ರಕ್ಷಣೆ’ ₹599. ‘ಮರುಸ್ಥಾಪನಾ ಶುಲ್ಕ’ ₹8,500. ಮೇಲೆ ಶೇ 18ರ ಜಿಎಸ್‌ಟಿ. ಒಟ್ಟು ₹12,269.64. ಪೈಸೆಯನ್ನೂ ಬಿಟ್ಟಿಲ್ಲ.

ಇದನ್ನು ಕೇಳಲು ಕರೆ ಮಾಡಿದಾಗ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ. ಕರೆ ಧ್ವನಿಮುದ್ರಣವಾಗುತ್ತದೆ ಎಂದು ನಿಮ್ಮ ಯಂತ್ರವೇ ಹೇಳಿತ್ತು, ತೆಗೆದು ಕೇಳಿಸಿಕೊಳ್ಳಿ. ಎತ್ತಿದ ಹುಡುಗ ಮೊದಲು ಕೇಳಿದ್ದು, “ಮೇಡಂ, ಸರ್ ಇಲ್ಲವೇ?” ನಾನೇ ಮಾಲೀಕಳು, ಖಾತೆ ನನ್ನ ಹೆಸರಿನಲ್ಲೇ ಇದೆ ಎಂದೆ. “ಅದಲ್ಲ ಮೇಡಂ, ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವರು ಯಾರಾದರೂ ಇದ್ದರೆ ಫೋನ್ ಕೊಡಿ” ಎಂದ. ಗೊತ್ತಿರುವವಳೇ ಮಾತನಾಡುತ್ತಿದ್ದೇನೆ, ಶುಲ್ಕ ಯಾವ ನಿಯಮದಡಿ ಎಂದು ಹೇಳಪ್ಪ ಎಂದೆ. ಉತ್ತರವಿಲ್ಲ, ಸಂಗೀತ ಹಾಕಿದ. ಬಹಳ ಹೊತ್ತಿನ ಮೇಲೆ ಬಂದು, “ಸಿಸ್ಟಂ ತೋರಿಸುತ್ತಿದೆ ಮೇಡಂ, ಕಟ್ಟಲೇಬೇಕು” ಎಂದ. ಸಿಸ್ಟಂಗೆ ಯಾರು ಹೇಳಿದರು ಎಂದು ಕೇಳಿದೆ. ಮತ್ತೆ ಸಂಗೀತ. ಈ ಸಲ ಗುಂಡಿ ಸರಿಯಾಗಿ ಒತ್ತಿರಲಿಲ್ಲವೋ ಏನೋ, ಪಕ್ಕದವರೊಡನೆ “ಉಪ್ಪಿನಕಾಯಿ ಅಮ್ಮ, ಬಿಡುತ್ತಿಲ್ಲ” ಎಂದು ನಕ್ಕದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಲೈನಿಗೆ ಬಂದು ಬುದ್ಧಿ ಹೇಳಿದ: “ಉಪ್ಪಿನಕಾಯಿ ಮಾರುವುದಕ್ಕೆ ಡಾಟ್ ಕಾಮ್ ಏಕೆ ಮೇಡಂ, ವಾಟ್ಸಾಪ್ ಸಾಕಲ್ಲವೇ?” ನಾನು ಉತ್ತರಿಸುವ ಮೊದಲೇ ಕರೆ ಕಡಿಯಿತು. ಕೂಡಲೇ ಮೊಬೈಲಿಗೆ ಸಂದೇಶ: ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?

ಆ ಹುಡುಗನಿಗೆ ಗೊತ್ತಿಲ್ಲದಿರಬಹುದು, ನಿಮಗೆ ನಿಮ್ಮ ನಿಯಮ ಗೊತ್ತೇ ಇದೆ. ಮರುಸ್ಥಾಪನೆ ಎಂಬುದು ಬರುವುದು ಡೊಮೇನ್ ಹೆಸರನ್ನು, ಅಂದರೆ ವೆಬ್ ವಿಳಾಸವನ್ನು, ಮೂಲ ನೋಂದಣಿಯಿಂದ ಅಳಿಸಿ, ಅದು 30 ದಿನಗಳ ರಿಡೆಂಪ್ಶನ್ ಅವಧಿಗೆ, ಅಂದರೆ ಅಳಿಸಿದ್ದನ್ನು ಮಾಲೀಕರು ಮರಳಿ ಪಡೆಯಬಹುದಾದ ಅವಧಿಗೆ, ಹೋದಾಗ. ನಮ್ಮ ಹೆಸರನ್ನು ಯಾರೂ ಅಳಿಸಿಲ್ಲ. ಜಗತ್ತಿನ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಂಸ್ಥೆಯಾದ ಐಕ್ಯಾನ್‌ನ ಹುಡುಕು ಪುಟದಲ್ಲಿ ಇವತ್ತಿಗೂ ಅದರ ಸ್ಥಿತಿ ‘ಆಟೋ ರಿನ್ಯೂ ಪೀರಿಯಡ್’ ಎಂದೇ ಇದೆ, ಅಂದರೆ ಅವಧಿ ಮುಗಿದ ಮೇಲೂ ನೋಂದಣಿ ತಾನಾಗಿ ಮುಂದುವರಿದಿದೆ. ಡಾಟ್ ಕಾಮ್‌ನಲ್ಲಿ ಆ ಅವಧಿ 45 ದಿನ. ಅಳಿಸದೇ ಇರುವುದನ್ನು ಮರಳಿ ಸ್ಥಾಪಿಸಲು ₹8,500 ಕೇಳುವುದಕ್ಕೆ ಸುಲಿಗೆ ಎನ್ನದೆ ಬೇರೇನೂ ಅನ್ನಲಾರೆ. ಅವಧಿ ಮುಗಿದ ಮೇಲಿನ ದರ ಬೇರೆಯೇ ಇದ್ದರೆ ಅದನ್ನು ನೋಂದಣಿಯ ಸಮಯದಲ್ಲೇ ತಿಳಿಸಬೇಕು ಎಂಬ ಐಕ್ಯಾನ್ ನಿಯಮ 2013ರಿಂದ ಜಾರಿಯಲ್ಲಿದೆ. ನನ್ನ ಮೊದಲ ಬಿಲ್ಲನ್ನು ಲಗತ್ತಿಸಿದ್ದೇನೆ, ಅದರಲ್ಲಿ ಎಲ್ಲಿದೆ ತೋರಿಸಿ. ಆ ₹599ರ ವಿಷಯಕ್ಕೆ ಬಂದರೆ, ಕೇಳದ ಸೇವೆಯನ್ನು ಬಿಲ್ಲಿಗೆ ಸೇರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲೇ ನಿಷೇಧಿಸಿದೆ.

ಸಹವಾಸ ಸಾಕೆಂದು ಬೇರೆ ಕಂಪನಿಗೆ ಹೋಗಲು ವರ್ಗಾವಣೆ ಕೋಡ್ ಕೇಳಿದೆ. “ಬಾಕಿ ತೀರಿಸುವವರೆಗೆ ಕೊಡುವುದಿಲ್ಲ, ತಡವಾದರೆ ಹೆಸರು ಹರಾಜಿಗೆ ಹೋಗುತ್ತದೆ” ಎಂದು ನೆನ್ನೆ ಬರೆದಿದ್ದೀರಿ. ಆ ಇಮೇಲ್ ಓದಿದ ಮೇಲೆ ನನ್ನ ತಾಳ್ಮೆ ಮುಗಿಯಿತು. ಹಣದ ತಕರಾರಿದೆ ಎಂಬ ಒಂದೇ ಕಾರಣಕ್ಕೆ ಕೋಡ್ ತಡೆಹಿಡಿಯುವಂತಿಲ್ಲ, ಕೇಳಿದ ಐದು ದಿನಗಳೊಳಗೆ ಕೊಡಬೇಕು ಎಂಬುದು ನೀವು ಒಪ್ಪಿ ಸಹಿ ಹಾಕಿರುವ ಐಕ್ಯಾನ್ ವ್ಯವಸ್ಥೆಯ ನಿಯಮ. ನನ್ನ ಹೆಸರನ್ನು ಹರಾಜು ಹಾಕಲು ನೀವು ಯಾರು?

₹1,299 ಮತ್ತು ಅದರ ಮೇಲಿನ ಜಿಎಸ್‌ಟಿ ಕಟ್ಟಲು ನಾನು ಅಂದೂ ಸಿದ್ಧ, ಇಂದೂ ಸಿದ್ಧ. ಅದರಾಚೆ ಒಂದು ಪೈಸೆ ಕೊಡುವುದಿಲ್ಲ. ಈ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸುವುದು ನಿಮ್ಮ ಕರ್ತವ್ಯ. ತಿಳಿಸದಿದ್ದರೆ ಅದೇ ಸಂಜೆ ಐಕ್ಯಾನ್‌ಗೂ 1915 ಗ್ರಾಹಕ ಸಹಾಯವಾಣಿಗೂ ದೂರು ಹೋಗುತ್ತದೆ. ಆಮೇಲೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವಳೂ ಗ್ರಾಹಕಳೇ ಎಂದು ಕಾನೂನು ಹೇಳುತ್ತದೆ, ನಾನಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕವೂ ಇಲ್ಲ. ವಿಚಾರಣೆಯ ದಿನ ಆ ಕರೆಯ ಧ್ವನಿಮುದ್ರಣವನ್ನು ಹಾಜರುಪಡಿಸಿ ಎಂದು ಮೊದಲ ಅರ್ಜಿಯಲ್ಲೇ ಕೇಳುತ್ತೇನೆ. ಘಟ್ಟ ಇಳಿದು ಬರಲು ನಿಮ್ಮ ವಕೀಲರಿಗೆ ಈಗಲೇ ಹೇಳಿಡಿ.

ಇತಿ,
ಮಾಲೀಕಳು,
ಅಪ್ಪೆಮಿಡಿ ಉಪ್ಪಿನಕಾಯಿ ಗೃಹೋದ್ಯಮ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ.