ಮಸಾಯಿ ಮಾರಾಕ್ಕೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಸತೀಶ,

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ನೀನೂ ಸುಮಾ ಅವರೂ ಕೀನ್ಯಾದ ಮಸಾಯಿ ಮಾರಾಕ್ಕೆ ಸಫಾರಿಗೆ ಹೊರಟಿರುವುದು ಕೇಳಿ ತುಂಬಾ ಖುಷಿಯಾಯಿತು. ನೀನು ಕಳಿಸಿದ ಮೂರೂ ಲಾಡ್ಜ್‌ಗಳ ಫೋಟೊ ನೋಡಿದೆ. ಎಲ್ಲದರಲ್ಲೂ ಬಾತ್‌ಟಬ್ಬು, ಮರದ ಡೆಕ್ಕು, ಬಿಳಿ ಸೊಳ್ಳೆಪರದೆಯ ಮಂಚ. ಅದನ್ನೆಲ್ಲ ಆಮೇಲೆ ನೋಡೋಣ. ಇಷ್ಟು ದುಡ್ಡು ಸುರಿಯುವಾಗ ಮೊದಲು ಕೇಳಬೇಕಾದದ್ದು ಎರಡೇ: ಲಾಡ್ಜ್ ಯಾರ ನೆಲದಲ್ಲಿದೆ, ಗಾಡಿ ಯಾರ ಮಾತಿನಂತೆ ಓಡುತ್ತದೆ.

ಮಾರಾ ಅಂದರೆ ಒಂದೇ ಕಾಡು ಅಂದುಕೊಳ್ಳಬೇಡ. ಸುಮಾರು 1,510 ಚದರ ಕಿಲೋಮೀಟರ್‌ನ ರಾಷ್ಟ್ರೀಯ ಮೀಸಲು ಪ್ರದೇಶ ನರೋಕ್ ಕೌಂಟಿಯ ಅಧೀನದಲ್ಲಿದೆ. ಅದಕ್ಕೆ ಅಂಟಿಕೊಂಡಂತೆ ಮಾರಾ ನಾರ್ತ್, ಒಲಾರೆ ಮೊಟೊರೊಗಿ, ನಾಬೊಯಿಶೊ ಮುಂತಾದ ಕನ್ಸರ್ವೆನ್ಸಿಗಳಿವೆ, ಅಂದರೆ ಖಾಸಗಿ ನೆಲದ ವನ್ಯಜೀವಿ ಪ್ರದೇಶಗಳು. ಇವುಗಳ ನೆಲ ಮಸಾಯಿ ಕುಟುಂಬಗಳದ್ದು, ಕ್ಯಾಂಪಿನವರು ಅವರಿಗೆ ಗುತ್ತಿಗೆ ಹಣ ಕಟ್ಟುತ್ತಾರೆ. ನಡುವೆ ಬೇಲಿಯಿಲ್ಲ, ಸಿಂಹಕ್ಕೆ ಎರಡೂ ಒಂದೇ. ಆದರೆ ನಿನಗೆ ಒಂದೇ ಅಲ್ಲ. ಮೀಸಲು ಪ್ರದೇಶದಲ್ಲಿ ಕತ್ತಲಾದ ಮೇಲೆ ಸಫಾರಿ ಇಲ್ಲ, ಗಾಡಿ ದಾರಿ ಬಿಟ್ಟು ಇಳಿಯುವಂತಿಲ್ಲ, ಕಾಲ್ನಡಿಗೆಯ ಸಫಾರಿಯೂ ಇಲ್ಲ. ಕನ್ಸರ್ವೆನ್ಸಿಯಲ್ಲಿ ಸಾಮಾನ್ಯವಾಗಿ ಈ ಮೂರಕ್ಕೂ ಅವಕಾಶವಿದೆ. ಅದಕ್ಕಿಂತ ದೊಡ್ಡ ಲಾಭ ಏನೆಂದರೆ, ಅಲ್ಲಿಯ ಕ್ಯಾಂಪುಗಳಲ್ಲಿ ಉಳಿದವರ ಗಾಡಿಗಳಿಗೆ ಮಾತ್ರ ಪ್ರವೇಶ. ಆಗಸ್ಟ್‌ನಲ್ಲಿ ಮೀಸಲು ಪ್ರದೇಶದೊಳಗೆ ಚೀತಾ ಕಂಡರೆ ಸಾಕು, ರೇಡಿಯೊದಲ್ಲಿ ಸುದ್ದಿ ಹರಡಿ ಹತ್ತಾರು ಗಾಡಿ ಸುತ್ತುವರಿಯುತ್ತವೆ. ಒಂದು ಪ್ರಾಣಿಯ ಬಳಿ ಐದೇ ಗಾಡಿ ಎಂಬ ನಿಯಮ ಗದ್ದಲದ ತಿಂಗಳುಗಳಲ್ಲಿ ಪಾಲನೆಯಾಗುವುದು ಕಷ್ಟ. ಗಾಡಿಗಳ ನಡುವೆ ಸಿಕ್ಕಿದ ಚೀತಾ ಬೇಟೆ ಕೈಬಿಡುತ್ತದೆ. ನನಗೆ ಅದು ನೋಡಲು ಸಂಕಟದ ದೃಶ್ಯ.

ಆದರೆ ನಿನಗೆ ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು ಹಿಂಡಾಗಿ ಮಾರಾ ನದಿ ದಾಟುವುದನ್ನು ನೋಡಬೇಕು. ಆ ದಾಟುವಿಕೆ ನಡೆಯುವುದು ಮೀಸಲು ಪ್ರದೇಶದ ಕಡೆ, ಜುಲೈಯಿಂದ ಅಕ್ಟೋಬರ್ ನಡುವೆ. ಹಾಗಾಗಿ ನಾಲ್ಕು ರಾತ್ರಿ ಕನ್ಸರ್ವೆನ್ಸಿಯ ಕ್ಯಾಂಪಿನಲ್ಲಿ ಉಳಿದು, ಅದರಲ್ಲಿ ಒಂದು ಪೂರ್ತಿ ದಿನ ಬುತ್ತಿ ಕಟ್ಟಿಸಿಕೊಂಡು ನದಿಗೆ ಹೋಗಿ. ಆ ದಿನಕ್ಕೆ ಮೀಸಲು ಪ್ರದೇಶದ ಶುಲ್ಕ ಬೇರೆ ಕೊಡಬೇಕು. 2024ರಲ್ಲಿ ಬಂದ ದರದ ಪ್ರಕಾರ ವಿದೇಶಿಯರಿಗೆ ತಲೆಗೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಲಾಡ್ಜ್‌ನವರು ಕೊಡುವ ಬೆಲೆಪಟ್ಟಿಯಲ್ಲಿ ಇದು ಸೇರಿದೆಯೋ ಇಲ್ಲವೋ ಅಂತ ಬರವಣಿಗೆಯಲ್ಲೇ ಕೇಳು. ಇನ್ನೊಂದು ವಿಷಯ: ಹಿಂಡು ದಡಕ್ಕೆ ಬಂದು ಎರಡು ಗಂಟೆ ನಿಂತು, ವಾಪಸ್ ತಿರುಗಿ ಹೋಗುವುದೂ ಸಾಮಾನ್ಯ. ಮುಂದಿನ ಪ್ರಾಣಿ ನೀರಿಗಿಳಿಯುವ ಮೊದಲೇ ಗಾಡಿಗಳು ದಡಕ್ಕೆ ನುಗ್ಗಿದರೆ ಹಿಂಡು ಬೆದರುತ್ತದೆ. ಒಳ್ಳೆಯ ಗೈಡ್ ದೂರದಲ್ಲಿ ಪೊದೆಯ ಮರೆಗೆ ನಿಲ್ಲಿಸಿ ಎಂಜಿನ್ ಆರಿಸುತ್ತಾನೆ. ಅವನನ್ನು ಅವಸರ ಮಾಡಬೇಡ.

ಗೈಡ್ ಎಂದಾಗ ನೆನಪಾಯಿತು. ಕೀನ್ಯಾದಲ್ಲಿ ವೃತ್ತಿಪರ ಸಫಾರಿ ಗೈಡ್‌ಗಳ ಸಂಘ ಪರೀಕ್ಷೆ ನಡೆಸಿ ಬ್ರಾಂಜ್, ಸಿಲ್ವರ್, ಗೋಲ್ಡ್ ಎಂದು ಮೂರು ದರ್ಜೆ ಕೊಡುತ್ತದೆ. ಸಿಲ್ವರ್ ದರ್ಜೆಯ ಗೈಡ್ ಸಿಗುತ್ತಾನೆಯೇ ಅಂತ ಬುಕ್ ಮಾಡುವಾಗಲೇ ಕೇಳು. ಗಾಡಿ ಸಾಮಾನ್ಯವಾಗಿ ಪಕ್ಕ ತೆರೆದ ಲ್ಯಾಂಡ್ ಕ್ರೂಸರ್, ಮೂರು ಸಾಲಿನಲ್ಲಿ ಆರು ಜನ. ಹಂಚಿಕೊಂಡ ಗಾಡಿಯಲ್ಲಿ ಒಬ್ಬರಿಗೆ ಹಕ್ಕಿ ಬೇಕು, ಇನ್ನೊಬ್ಬರಿಗೆ ತಿಂಡಿಗೆ ಹಿಂದಿರುಗಬೇಕು. ದುಬಾರಿ ಸೂಟ್ ಕೋಣೆಗೆ ಕೊಡುವ ಹೆಚ್ಚಿನ ಹಣವನ್ನು ನಿಮ್ಮಿಬ್ಬರಿಗೇ ಪ್ರತ್ಯೇಕ ಗಾಡಿಗೆ ಹಾಕು ಎಂಬುದು ನನ್ನ ಖಚಿತ ಸಲಹೆ. ಕಬಿನಿಯಲ್ಲಿ ಸಫಾರಿ ಶುರುವಾಗುವುದೂ ಮುಗಿಯುವುದೂ ನಿಗದಿಯಾದ ಗಂಟೆಗೆ. ಮಾರಾದಲ್ಲಿ ಸ್ವಂತ ಗಾಡಿಯಿದ್ದರೆ ತಿಂಡಿಯ ಬುಟ್ಟಿ ಹಾಕಿಕೊಂಡು ಆರು ಗಂಟೆಗೆ ಹೊರಟು, ಚಿರತೆ ಮರದಿಂದ ಇಳಿಯುವವರೆಗೂ ಕೂರಬಹುದು.

ಡೇರೆಯ ಬಗ್ಗೆ. ಕ್ಯಾನ್ವಾಸ್ ಗೋಡೆ, ಮರದ ನೆಲ, ಒಳಗೇ ಬಚ್ಚಲು. ಕೆಲವು ಕ್ಯಾಂಪುಗಳಲ್ಲಿ ಈಗಲೂ ಬಕೆಟ್ ಶವರ್: ಹೇಳಿದ ಹೊತ್ತಿಗೆ ಹುಡುಗ ಬಂದು ಹೊರಗಿನಿಂದ ಇಪ್ಪತ್ತು ಲೀಟರ್‌ನಷ್ಟು ಬಿಸಿನೀರು ಮೇಲಕ್ಕೇರಿಸುತ್ತಾನೆ. ಮೊದಲು ಮೈ ನೆನೆಸಿ, ನಲ್ಲಿ ನಿಲ್ಲಿಸಿ ಸೋಪು ಹಚ್ಚಿ, ಮತ್ತೆ ಬಿಟ್ಟರೆ ಒಬ್ಬರಿಗೆ ಧಾರಾಳ ಸಾಕು. ಕರೆಂಟು ಬಹುತೇಕ ಸೋಲಾರ್‌ನದು. ಹೇರ್ ಡ್ರೈಯರ್ ಹಾಕಿದರೆ ಇನ್ವರ್ಟರ್ ಕೂತುಬಿಡುತ್ತದೆ, ಸುಮಾ ಅವರಿಗೆ ಮೊದಲೇ ಹೇಳು. ಪ್ಲಗ್ಗು ಬ್ರಿಟಿಷ್ ಮಾದರಿಯದು, ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಬೇಕು. ಹೊರಗೆ ಹೋಗುವಾಗ ಜಿಪ್ಪನ್ನು ಪೂರ್ತಿ ಕೆಳಗೆಳೆದು ಕೊಕ್ಕೆ ಹಾಕಿ. ಕೋತಿಗಳಿಗೆ ಜಿಪ್ಪು ತೆಗೆಯಲು ಚೆನ್ನಾಗಿ ಬರುತ್ತದೆ, ಒಳಗೆ ಬಿಸ್ಕತ್ತಿದ್ದರೆ ಚೀಲವೂ ಹರಿದಿರುತ್ತದೆ.

ಏಕಾಂತ ಬೇಕೆಂದು ಕಟ್ಟಕಡೆಯ ಡೇರೆ ಕೇಳುತ್ತೀರಿ, ಕೇಳಿ. ಆದರೆ ಕ್ಯಾಂಪಿಗೆ ಬೇಲಿ ಇರುವುದಿಲ್ಲ. ಕತ್ತಲಾದ ಮೇಲೆ ಊಟಕ್ಕೆ ಹೋಗಲೂ ಬರಲೂ ಕಾವಲುಗಾರ ಜೊತೆಗೆ ಬರಲೇಬೇಕು. ಹತ್ತು ಹೆಜ್ಜೆಯಾದರೂ ಒಬ್ಬರೇ ಹೋಗಬೇಡಿ. ನದಿ ದಂಡೆಯ ಡೇರೆಯಾದರೆ ರಾತ್ರಿ ನೀರಾನೆ ಮೇಯಲು ಮೇಲೆ ಬರುತ್ತದೆ. ಅದರ ಮತ್ತು ನೀರಿನ ನಡುವೆ ಸಿಕ್ಕಿಬೀಳುವುದೇ ಅಪಾಯ. ಸದ್ದಿಗೆ ನಿದ್ದೆಗೆಡುವವರಾದರೆ ನದಿಯಿಂದ ದೂರದ ಡೇರೆ ಕೇಳಿ.

ಸಮಭಾಜಕ ವೃತ್ತದ ಹತ್ತಿರ ಅಂತ ತೆಳು ಬಟ್ಟೆ ಮಾತ್ರ ತುಂಬಿಕೊಳ್ಳಬೇಡ. ಮಾರಾ ಇರುವುದು ಸಮುದ್ರಮಟ್ಟದಿಂದ 1,500 ಮೀಟರ್‌ಗಿಂತ ಎತ್ತರದಲ್ಲಿ. ಬೆಳಗಿನ ತೆರೆದ ಗಾಡಿಯಲ್ಲಿ ಚಳಿ ಮೂಳೆ ಕೊರೆಯುತ್ತದೆ. ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಟೋಪಿ ಇರಲಿ. ಸೈನಿಕರ ಮಾದರಿಯ ಚುಕ್ಕೆ ಬಟ್ಟೆ ಬೇಡ. ಕಡು ನೀಲಿ, ಕಪ್ಪು ಬಣ್ಣಕ್ಕೆ ತ್ಸೆತ್ಸೆ ನೊಣ ಬರುತ್ತದೆ, ಖಾಕಿ, ಮಣ್ಣಿನ ಬಣ್ಣ ವಾಸಿ.

ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಹೋಗುವ ಪುಟ್ಟ ವಿಮಾನದಲ್ಲಿ ಕೈಚೀಲವೂ ಸೇರಿ ಒಬ್ಬರಿಗೆ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸ್ ಅದರ ಹೊಟ್ಟೆಯೊಳಗೆ ಹೋಗುವುದಿಲ್ಲ. ಕ್ಯಾಮೆರಾ, ಲೆನ್ಸ್ ತೂಗಿ ನೋಡು, ಅಲ್ಲೇ ನಾಲ್ಕೈದು ಕಿಲೋ ಹೋಗಿರುತ್ತದೆ. ಬಟ್ಟೆ ಕಡಿಮೆ ಮಾಡು, ಬಹುತೇಕ ಕ್ಯಾಂಪುಗಳಲ್ಲಿ ಒಗೆದು ಕೊಡುತ್ತಾರೆ. ಮುಂಬೈಯಿಂದ ಬಂದಿಳಿಯುವ ದೊಡ್ಡ ನಿಲ್ದಾಣವೇ ಬೇರೆ, ವಿಲ್ಸನ್ನೇ ಬೇರೆ. ನಡುವೆ ನೈರೋಬಿಯ ಟ್ರಾಫಿಕ್ಕು. ಅದೇ ಬೆಳಿಗ್ಗೆಯ ವಿಮಾನಕ್ಕೆ ಓಡುವ ಬದಲು ಒಂದು ರಾತ್ರಿ ನೈರೋಬಿಯಲ್ಲಿ ಉಳಿಯಿರಿ.

ಚಟ್ನಿಪುಡಿ, ಕೋಡುಬಳೆ ಒಯ್ಯುವುದಾದರೆ ಸ್ಟೀಲ್ ಡಬ್ಬಿಯಲ್ಲೇ ಒಯ್ಯಿರಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗು ಕೀನ್ಯಾದಲ್ಲಿ 2017ರಿಂದ ನಿಷಿದ್ಧ. ಸಸ್ಯಾಹಾರ ಅಂತ ಹೇಳುವಾಗ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದು ಆಗುತ್ತದೆ ಎಂದು ಬಿಡಿಸಿ ಬರೆ, ಎರಡು ವಾರ ಮೊದಲೇ. ಅಡುಗೆಮನೆಗೆ ಸಾಮಾನು ಬರುವುದು ದೂರದಿಂದ, ನೀವು ಬಂದ ಮೇಲೆ ಹೇಳಿದರೆ ಪಾಸ್ತಾ ಮೇಲೆ ಪಾಸ್ತಾ ಬರುತ್ತದೆ. ಉಗಾಲಿ ಮತ್ತು ಸುಕುಮಾ ವಿಕಿ ಮಾಡಿಕೊಡಿ ಅಂತ ಕೇಳಿ: ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ನಿನಗೆ ಖಂಡಿತ ಹಿಡಿಸುತ್ತದೆ.

ಬಲೂನ್ ಹಾರಾಟಕ್ಕೆ ಇಬ್ಬರಿಂದ ಸಾವಿರ ಡಾಲರ್‌ನ ಹತ್ತಿರ ಆಗುತ್ತದೆ, ಒಂದು ಬೆಳಗಿನ ಸಫಾರಿಯೂ ಹೋಗುತ್ತದೆ. ನಾಲ್ಕು ರಾತ್ರಿಯಿದ್ದರೆ ಮಾಡಿ, ಎರಡೇ ಇದ್ದರೆ ಬೇಡ.

ಪೀತಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನಕ್ಕಿಂತ ಮೊದಲೇ ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲಿ ಹಾಕಿಸಿಕೊಳ್ಳಿ. ಆ ಪ್ರಮಾಣಪತ್ರ ಇಲ್ಲದೆ ವಾಪಸ್ ಬಂದರೆ ಭಾರತದ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ಮಾತ್ರೆ ಯಾವುದೆಂದು ಡಾಕ್ಟರನ್ನೇ ಕೇಳಿ, ವಾಪಸ್ ಬಂದ ಮೇಲೂ ಅವರು ಹೇಳಿದಷ್ಟು ದಿನ ನುಂಗಬೇಕು. 2024ರಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಪಡೆಯಬೇಕು, ಅದಕ್ಕೆ ಲಾಡ್ಜ್ ಬುಕಿಂಗ್ ಪತ್ರ ಬೇಕಾಗುತ್ತದೆ. ಅಡ್ವಾನ್ಸ್ ಕಟ್ಟುವ ಮೊದಲು ಮೂರೂ ಲಾಡ್ಜ್‌ಗಳ ಬೆಲೆಪಟ್ಟಿ ನನಗೆ ಕಳಿಸು. ಶುಲ್ಕ, ಗಾಡಿ, ಒಳವಿಮಾನ ಯಾವುದರಲ್ಲಿ ಸೇರಿದೆ, ಯಾವುದರಲ್ಲಿ ಬಿಟ್ಟಿದ್ದಾರೆ ಅಂತ ಸಾಲುಸಾಲಾಗಿ ನೋಡಿ ಹೇಳುತ್ತೇನೆ.

ಸುಮಾ ಅವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಮಂಜು