ಹತ್ತನೇ ಕ್ಲಾಸಿನ ಪೋಷಕರಿಗೆ: ಒಂದು ಉಪ್ಪಿನ ಲೆಕ್ಕ

ಪೋಷಕರಿಗೆಲ್ಲ ನಮಸ್ಕಾರ.

ಹತ್ತನೇ ಕ್ಲಾಸಿನ ಮಕ್ಕಳ ಮನೆಯಲ್ಲಿ ಈಗ ಒಂದೇ ಮಾತು, ಮುಂದೆ ಏನು ಓದಿಸೋದು ಅಂತ. ಹೋದ ವಾರ ಅಂಕಪಟ್ಟಿಗೆ ಸಹಿ ಹಾಕಲು ಬಂದ ಏಳೆಂಟು ಜನ ಕೇಳಿದ್ದೂ ಅದನ್ನೇ. ಸೈನ್ಸ್ ತಗೊಂಡು ನೀಟ್ ಬರೆಯಲಿ ಅಕ್ಕೋರೆ, ಡಾಕ್ಟರ್ ಸೀಟು ಸಿಗದಿದ್ದರೆ ಆಮೇಲೆ ನೋಡೋಣ, ಅನ್ನುತ್ತೀರಿ. ಆ 'ಆಮೇಲೆ ನೋಡೋಣ' ಇದೆಯಲ್ಲ, ಅದರ ಬಗ್ಗೆಯೇ ಈ ಪತ್ರ, ಡಾಕ್ಟರ್ ಆಗದೆಯೂ ಜನರ ಆರೋಗ್ಯ ಕಾಯುವ ಕೆಲಸಗಳ ಬಗ್ಗೆ.

ಮೊದಲು ಉಪ್ಪಿನ ವಿಷಯ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಎಲ್ಲರೂ ಜ್ವಾಲಾಮುಖಿ ಮಾಡಿಕೊಂಡು ಬಂದರೆ ಒಬ್ಬ ಹುಡುಗಿ ಕ್ಯಾಲೆಂಡರ್ ತಂದಳು. ಮನೆಯಲ್ಲಿ ಉಪ್ಪಿನ ಪೊಟ್ಟಣ ಒಡೆದ ದಿನಕ್ಕೊಂದು ಗುರುತು, ಮುಗಿದ ದಿನಕ್ಕೊಂದು ಗುರುತು, ಅಷ್ಟೇ. ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚುಕಮ್ಮಿ ಒಂದು ಟೀ ಚಮಚ. ಹಾಗಾದರೆ ನಾಲ್ಕು ಜನರ ಮನೆಗೆ ಒಂದು ಕಿಲೋ 50 ದಿನ ಬರಬೇಕು. ಅವರ ಮನೆಯಲ್ಲಿ 23 ದಿನಕ್ಕೇ ಖಾಲಿ! ಅದರ ಮೇಲೆ ಒಣಮೀನು, ಮಿಡಿ ಉಪ್ಪಿನಕಾಯಿ ಬೇರೆ. ಮೀನು ತೊಳೆಯಲೂ ಉಪ್ಪು ಹೋಗ್ತದಲ್ಲ, ಎಲ್ಲ ಹೊಟ್ಟೆಗೇ ಅಂತ ಹೇಗೆ ಹೇಳ್ತೀ ಅಂತ ನಾನೇ ತಕರಾರು ತೆಗೆದೆ. "ಅದಕ್ಕೆ ಸಾಣಿಕಟ್ಟೆ ಹರಳುಪ್ಪು ಬೇರೆ ಇಟ್ಟಿದ್ದೇವೆ ಅಕ್ಕೋರೆ" ಅಂದಳು. ನಾನು ಸುಮ್ಮನಾದೆ.

ಅವಳ ಅಜ್ಜಿಗೆ ಬಿಪಿ ಇದೆ. "ಉಪ್ಪಿಲ್ಲದೆ ಗಂಜಿ ಗಂಟಲಲ್ಲಿ ಇಳೀತದಾ?" ಅಂತ ಗದರಿದರಂತೆ. ಹುಡುಗಿ ವಾದಕ್ಕೆ ಹೋಗಲಿಲ್ಲ. ಗಂಜಿ ಬಟ್ಟಲಿನ ಪಕ್ಕ ಇರುತ್ತಿದ್ದ ಉಪ್ಪಿನ ಮರಿಗೆಯನ್ನು ಒಳಗಿನ ಗೂಡಿಗೆ ಸಾಗಿಸಿದಳು, ಒಣಮೀನನ್ನು ಸಾರಿಗೆ ಹಾಕುವ ಮೊದಲು ನೀರಲ್ಲಿ ನೆನೆಹಾಕಿದಳು, ಮುರುಗಲು ಸಿಪ್ಪೆ ಎರಡು ಜಾಸ್ತಿ ಬಿಟ್ಟಳು. ಹುಳಿ ಮುಂದಾದರೆ ಉಪ್ಪು ಕಮ್ಮಿಯಾದದ್ದು ನಾಲಿಗೆಗೆ ಬೇಗ ಗೊತ್ತಾಗುವುದಿಲ್ಲ ಅಲ್ವಾ. ಮುಂದಿನ ಪೊಟ್ಟಣ 31 ದಿನ ಬಂತು.

ಕಾಯಿಲೆ ಬರುವ ಮೊದಲೇ ತಡೆಯುವ ಈ ಕೆಲಸವನ್ನೇ ಸಂಬಳ ಪಡೆದು ಮಾಡುವವರಿದ್ದಾರೆ. ಜನರ ಆರೋಗ್ಯದ ಹಿಡಿತ ಜನರ ಕೈಗೇ ಜಾಸ್ತಿ ಸಿಗಬೇಕು ಅಂತ 1986ರಲ್ಲಿ ಕೆನಡಾದ ಒಟ್ಟಾವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನಕ್ಕೆ ಸೇರಿದವರು ಬರೆದಿಟ್ಟರು. ಅಷ್ಟು ದೂರ ಯಾಕೆ, ನಮ್ಮ ಅಂಕೋಲೆಯ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಇದ್ದರಲ್ಲ. 2017ರಲ್ಲಿ ಪದ್ಮಶ್ರೀ ಬಂದದ್ದು ಹಾಡಿಗೆ, ಆದರೆ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಬಿಡಿಸಲು ನಿಂತದ್ದು ಆರೋಗ್ಯದ ಕೆಲಸ ಅಲ್ಲದೆ ಮತ್ತೇನು?

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಕೂಗಿದ್ದೇವೆ, ಇನ್ನೂ ಕೂಗಬೇಕು. ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಹೊರಟ ಆಂಬುಲೆನ್ಸ್ ಹೈವೇಯಲ್ಲಿ ಹೋಗುವಾಗ ಎದೆ ಧಸಕ್ ಅನ್ನದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಅದರಲ್ಲಿ ಮಲಗಿದವರ ಮನೆ ಬಾಗಿಲಿಗೆ ಹತ್ತು ವರ್ಷದ ಹಿಂದೆಯೇ ಹೋಗಿ ಬಿಪಿ ನೋಡಿ, ಮಾತ್ರೆ ಬಿಡಬೇಡಿ ಅಂತ ತಿಂಗಳು ತಿಂಗಳು ಬೆನ್ನುಬೀಳುವ ಒಬ್ಬರು ಬೇಕಿತ್ತು. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಬಂದರೆ ಅದನ್ನು ಹರಡುವ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಹಿಡಿದು ಮನೆ ಮನೆ ತಿರುಗುವವರೂ ಇಂಥವರೇ.

ದಾರಿ ಹಲವು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಅದು ಮುಗಿದರೆ ಊರಿನ ಸರ್ಕಾರಿ ಆರೋಗ್ಯ ಕೇಂದ್ರವಾದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಆಗಬಹುದು. ಹೆಲ್ತ್ ಇನ್ಸ್‌ಪೆಕ್ಟರ್ ಡಿಪ್ಲೊಮಾ ಇದೆ. ಪ್ರಕೃತಿ ಚಿಕಿತ್ಸೆ, ಯೋಗ ಇಷ್ಟವಿದ್ದರೆ ಅದರದೇ ಪದವಿ ಬಿಎನ್‌ವೈಎಸ್, ಅದು ನಾಲ್ಕೂವರೆ ವರ್ಷ ಮತ್ತು ಒಂದು ವರ್ಷ ಇಂಟರ್ನ್‌ಶಿಪ್. ಆಹಾರ, ಪೋಷಣೆ ಓದಿ ಡಯಟಿಷಿಯನ್ ಆದವರಿದ್ದಾರೆ. ಆರ್ಟ್ಸ್ ಮಕ್ಕಳಿಗೆ ಬಾಗಿಲು ಹಾಕಿಲ್ಲ, ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಓದಿಯೂ ಈ ಕೆಲಸಕ್ಕೆ ಬರಬಹುದು.

ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಇದರಲ್ಲಿ ಬಹಳ ಕೆಲಸ ಗುತ್ತಿಗೆಯದು. ಗೌರವಧನಕ್ಕಾಗಿ ಆಶಾ ಕಾರ್ಯಕರ್ತೆಯರು ಬೀದಿಗಿಳಿದದ್ದನ್ನು ನೀವೂ ಟಿವಿಯಲ್ಲಿ ನೋಡಿದ್ದೀರಿ. ಇನ್ನು ವೆಲ್‌ನೆಸ್ ಹೆಸರಿನ ಅಂಗಡಿಗಳು. ಗೋಕರ್ಣದ ಕಡೆ ಯೋಗ ಕಲಿಸಿ ಚೆನ್ನಾಗಿ ಬದುಕುವವರಿದ್ದಾರೆ, ನಿಜ. ಆದರೆ ಆರು ತಿಂಗಳ ಕೋರ್ಸಿಗೆ ಕೈತುಂಬ ಫೀ ಕಟ್ಟಿಸಿಕೊಂಡು ಎಲ್ಲೂ ನಡೆಯದ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯೊಂದರಿಂದ ನನ್ನ ಹಳೇ ವಿದ್ಯಾರ್ಥಿಯೊಬ್ಬ ಅಳುತ್ತ ಬಂದಿದ್ದ. ಅಡ್ಮಿಷನ್ನಿಗೆ ಬೇಕಾದ ದಾಖಲೆಗೆ ನಾನೇ ಖುಷಿಯಿಂದ ಸಹಿ ಹಾಕಿಕೊಟ್ಟಿದ್ದೆ, ವಿಚಾರಿಸಲಿಲ್ಲ. ಆ ತಪ್ಪು ಈಗಲೂ ಚುಚ್ಚುತ್ತದೆ. ನರ್ಸಿಂಗ್ ಕೌನ್ಸಿಲ್, ಪ್ಯಾರಾಮೆಡಿಕಲ್ ಬೋರ್ಡ್, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ, ಇಂಥ ಯಾವುದರ ಮಾನ್ಯತೆ ಇದೆ ಅಂತ ಕೇಳದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಅಂಕ ಎಷ್ಟು ಅಂತ ಆಮೇಲೆ ನೋಡಿ. ಮಗು ಯಾರದೇ ಮನೆಗೆ ಹೋದರೂ ಅಜ್ಜ ಅಜ್ಜಿಯ ಹತ್ತಿರ ಕೂತು ಮಾತಾಡುತ್ತದಾ? ಬೈಸಿಕೊಂಡರೂ ಮರುದಿನ ಮತ್ತೆ ಹೋಗುತ್ತದಾ? ಈ ಕೆಲಸದಲ್ಲಿ ಬಾಳುವವರು ಅಂಥವರು. ಉಪ್ಪಿನ ಹುಡುಗಿಯ ತಾಯಿ ಮೊನ್ನೆ, "ನರ್ಸ್ ಗಿರ್ಸ್ ಬೇಡ ಅಕ್ಕೋರೆ, ರಾತ್ರಿ ಡ್ಯೂಟಿ ಇರ್ತದೆ" ಅಂದರು. ನಾನು ಉತ್ತರ ಕೊಡಲಿಲ್ಲ, ಯಾಕೆಂದರೆ ಉತ್ತರ ಕೊಡಬೇಕಾದವರು ಆ ಕೆಲಸ ಮಾಡುವವರು. ಬರುವ ಶನಿವಾರ ಬೆಳಿಗ್ಗೆ ಶಾಲೆ ಬಿಟ್ಟ ಮೇಲೆ, ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ ನಮ್ಮ ಹಳೇ ವಿದ್ಯಾರ್ಥಿನಿ ಬರುತ್ತಾಳೆ. ರಾತ್ರಿ ಡ್ಯೂಟಿ, ಸಂಬಳ, ಮದುವೆ, ಏನು ಬೇಕಾದರೂ ಅವಳನ್ನೇ ಕೇಳಿ. ಬಿಪಿ ಯಂತ್ರವನ್ನೂ ತರುತ್ತಾಳೆ, ಅಪ್ಪಂದಿರು ತಪ್ಪಿಸಿಕೊಳ್ಳಬೇಡಿ.

ಬರುವಾಗ ನಿಮ್ಮ ಮನೆಯ ಉಪ್ಪಿನ ಪೊಟ್ಟಣ ಯಾವತ್ತು ಒಡೆದದ್ದು ಅಂತ ನೆನಪು ಮಾಡಿಕೊಂಡು ಬನ್ನಿ.

ಇಂತಿ,
ನಿಮ್ಮ ಮಕ್ಕಳ ದೊಡ್ಡ ಅಕ್ಕೋರು